ಒಡತಿಯ ಠಾವನ್ನು ಸಾರಿದ ಡ್ರೋನು

ಒಂದು ಕೆರೆಯಂಗಳದಲ್ಲಿ ಟಿಟ್ಟಿಭ ಹಕ್ಕಿಯೊಂದು ಬರಿನೆಲದ ಮೇಲೆ ಮೊಟ್ಟೆಯಿಟ್ಟಿತ್ತು. ಮೊಟ್ಟೆಗಳ ಠಾವು ಹಗೆಗೆ ತಿಳಿಯದಂತೆ ಅವುಗಳಿಂದ ದೂರ ಹೋಗಿ ಅರಚುವುದು ಅದರ ಕುಲಧರ್ಮ. ಅಲ್ಲಿಗೆ ವಿಮಲಾಕ್ಷಿಯೆಂಬಾಕೆ ಒಬ್ಬಳೇ ಬಂದು, ಏರಿಯ ಮರೆಯಲ್ಲಿ ನಿಂತು, ವಿನೋದಕ್ಕಾಗಿ ಡ್ರೋನನ್ನು ಹಾರಿಸಿದಳು. ಅದು ಮೇಲೇರಿದೊಡನೆ ಸಾರತೊಡಗಿತು: “ನಾನು ಇಂಥ ಸಂಖ್ಯೆಯ ಡ್ರೋನು. ನನ್ನ ಒಡತಿ ಏರಿಯ ಹಿಂದೆ, ಹೊಂಗೆಮರದ ಕೆಳಗೆ ನಿಂತಿದ್ದಾಳೆ.”

ಟಿಟ್ಟಿಭವು ಬೆರಗಾಗಿ, “ಎಲೈ ಅಯ್ಯಾ, ಇದೇನು ಕೂಗು?” ಎಂದಿತು.

“ರಾಜಾಜ್ಞೆ. ಆಕಾಶದಲ್ಲಿ ಡಿಕ್ಕಿ ಹೊಡೆದವರು ಯಾರೆಂದು ತಿಳಿಯಬೇಡವೆ?”

“ನ್ಯಾಯವೇ. ನಿನ್ನೆ ನಿನ್ನಂಥವನೊಬ್ಬ ನನ್ನ ರೆಕ್ಕೆಯನ್ನು ಸವರಿಕೊಂಡು ಹೋದ. ಆದರೆ ಅರಸನ ಕಿವಿಗೆ ಹೇಳಬೇಕಾದುದನ್ನು ಬಯಲಿಗೆಲ್ಲ ಏಕೆ ಸಾರುತ್ತೀಯೆ?”

“ಮೊಬೈಲು ಇರುವ ಯಾರು ಬೇಕಾದರೂ ತಿಳಿಯಬಹುದೆಂದೇ ನಿಯಮ. ತಪ್ಪು ಮಾಡದವರಿಗೆ ಅಂಜಿಕೆಯೇಕೆ?”

“ನನ್ನ ಮೊಟ್ಟೆಗಳು ಯಾವ ತಪ್ಪು ಮಾಡಿವೆ? ಆದರೂ ನಾನು ದೂರ ಬಂದೇ ಅರಚುತ್ತೇನೆ.”

“ನೀನು ಪಾಮರ ಪಕ್ಷಿ,” ಎಂದು ಡ್ರೋನು ಇನ್ನೂ ಸ್ಪಷ್ಟವಾಗಿ ಸಾರಿತು.

ಅಷ್ಟರಲ್ಲಿ ಕಳ್ಳನೊಬ್ಬನು ಮೊಬೈಲು ನೋಡುತ್ತ ನೆಟ್ಟಗೆ ಹೊಂಗೆಮರದ ಕೆಳಗೆ ಬಂದನು. “ಅಕ್ಕಾ, ಹುಡುಕುವ ಶ್ರಮವೇ ಇರಲಿಲ್ಲ,” ಎಂದು ವಿನಯದಿಂದ ನುಡಿದು ಚಾಕು ತೋರಿಸಿದನು. ವಿಮಲಾಕ್ಷಿ ಡ್ರೋನನ್ನು ಇಳಿಸಿದಳು. ಕಳ್ಳನು ಅದನ್ನು ಎತ್ತಿಕೊಂಡನು.

“ಈಗ ಕೂಗು, ಮಹಾರಾಯ! ಇವನ ಠಾವನ್ನು ಸಾರು!” ಎಂದು ಟಿಟ್ಟಿಭವು ಅರಚಿತು.

ಡ್ರೋನು ಬಾಯಿ ತೆರೆಯುವ ಮೊದಲೇ ಕಳ್ಳನು ಅದರ ಬ್ಯಾಟರಿಯನ್ನು ಕಿತ್ತನು. ನಿಯಮವನ್ನು ಪಾಲಿಸುವುದು ಅವನ ಕುಲಧರ್ಮವಾಗಿರಲಿಲ್ಲ.