ಮತ್ತಿಮರದ ಕಾವಲು, ಆಲೆಮನೆಯ ಬೆಲ್ಲ

ಒಂದು ಕಾಡಿನಲ್ಲಿ ಕೊಂಬೆಯೊಂದು ಲಟಕ್ಕನೆ ಮುರಿಯಿತು. ಅದರ ಮೇಲಿದ್ದ ಕರಿಯಣ್ಣ ದೊಪ್ಪನೆ ಪೊದೆಗೆ ಬಿದ್ದ. ಕರಿಯಣ್ಣ ಒಬ್ಬ ಮುಸುವ. ಕಪ್ಪು ಮುಖ, ಉದ್ದ ಬಾಲದ ಕೋತಿ. ಕೆಳಗೆ ಪೊದೆಯಿತ್ತು, ಬದುಕಿದ.

ಅದೇ ಹೊತ್ತಿಗೆ ಹುಲ್ಲಿನೊಳಗಿಂದ ಚಿರತೆ ಹಾರಿತು. ಜಿಂಕೆಗಳು ದಿಕ್ಕಾಪಾಲಾಗಿ ಓಡಿದವು. ಒಂದು ಮರಿಯ ಬಾಲ ಚಿರತೆಯ ಬಾಯಲ್ಲಿ ಉಳಿಯಿತು. ಮರಿ ತಪ್ಪಿಸಿಕೊಂಡಿತು.

ಆ ಕಾಡಿನ ಮುಸುವಗಳಿಗೂ ಜಿಂಕೆಗಳಿಗೂ ಒಂದು ಒಪ್ಪಂದವಿತ್ತು. ಹಗಲು ಒಬ್ಬ ಮುಸುವ ಮತ್ತಿಮರದ ತುದಿಯಲ್ಲಿ ಕಾವಲು ಕೂರಬೇಕು. ಚಿರತೆ ಕಂಡರೆ ‘ಖೆಕ್ ಖೆಕ್’ ಎಂದು ಕೂಗಬೇಕು. ಕತ್ತಲಾದ ಮೇಲೆ ಜಿಂಕೆಗಳ ಮೂಗಿನ ಸರದಿ. ವಾಸನೆ ಬಡಿದರೆ ಅವು ಕೂಗಿ ಮುಸುವಗಳನ್ನು ಎಬ್ಬಿಸಬೇಕು.

ಕಾವಲಿನವನು ಕರಿಯಣ್ಣ. ಅವನಂಥ ಕಣ್ಣು ಇನ್ನೊಬ್ಬರಿಗಿರಲಿಲ್ಲ. ಆದರೆ ಈಚೆಗೆ ಅವನು ದಪ್ಪಗಾಗಿದ್ದ. ತುದಿಯ ಕೊಂಬೆ ಅವನನ್ನು ತಾಳಲಿಲ್ಲ. ನಡುವಿನ ಕೊಂಬೆಗೆ ಇಳಿದ. ಇಂದು ಅದೂ ಮುರಿಯಿತು.

ಜಿಂಕೆಗಳ ಹಿರಿಯಳು ಚುಕ್ಕವ್ವ ಮರದ ಬುಡಕ್ಕೆ ಬಂದಳು.

“ಕರಿಯಣ್ಣ, ನಿನ್ನ ಮೇಲೆ ಸಿಟ್ಟಿಲ್ಲ. ಇವತ್ತು ಬಾಲ ಹೋಯ್ತು. ನಾಳೆ ಮರಿಯೇ ಹೋಗುತ್ತೆ. ಮಳೆ ಹಿಡಿಯುವಷ್ಟರಲ್ಲಿ ನೀನು ಮೇಲೆ ಹತ್ತದಿದ್ದರೆ ನಾವು ಹೊಳೆಯಾಚೆ ಹೊರಟೆವು.”

“ನೀವು ಹೋದರೆ ರಾತ್ರಿ ನಮ್ಮನ್ನು ಎಬ್ಬಿಸೋರು ಯಾರು, ಚುಕ್ಕವ್ವ?”

“ಅದನ್ನೂ ನೀನೇ ಯೋಚನೆ ಮಾಡು.”

ಬೇರೆಯವರನ್ನು ಕೂರಿಸಿ ನೋಡಿದರು. ಒಬ್ಬ ನಿದ್ದೆ ಹೋದ. ಇನ್ನೊಬ್ಬ ಎಲೆ ಅಲ್ಲಾಡಿದರೂ ಕೂಗಿದ. ಓಡಿ ಓಡಿ ಜಿಂಕೆಗಳಿಗೆ ಮೇಯಲು ಪುರಸೊತ್ತಿಲ್ಲವಾಯಿತು. ಅವನನ್ನೂ ಇಳಿಸಿದರು. ಕಾವಲು ಮತ್ತೆ ಕರಿಯಣ್ಣನ ಪಾಲಿಗೇ ಬಂತು, ಕೆಳಗಿನಿಂದ ಕಂಡಷ್ಟೇ.

ಪಡ್ಡೆ ಮುಸುವಗಳಿಗೆ ಇದೆಲ್ಲ ಆಟ.

“ಮಾವ, ಏಣಿ ತರೋಣವಾ?”

“ಗುಡಾಣದ ಹೊಟ್ಟೆ ಬಂತು, ದಾರಿ ಬಿಡ್ರೋ!”

ಕರಿಯಣ್ಣನಿಗೆ ಬೇಸರವಾಯಿತು. ಬೇಸರವಾದರೆ ಅವನು ಬೆಲ್ಲ ತಿನ್ನುತ್ತಿದ್ದ. ಅಂದೂ ತಿಂದ.

ಬೆಲ್ಲ ತರುತ್ತಿದ್ದದ್ದು ನರಿ. ಕಾಡಿನಂಚಿನಲ್ಲಿ ಕಬ್ಬಿನ ಗದ್ದೆ, ಅದರ ಪಕ್ಕ ಆಲೆಮನೆ. ನರಿ ಅಲ್ಲಿಂದ ಬೆಲ್ಲದುಂಡೆ ಕಚ್ಚಿಕೊಂಡು ಬರುತ್ತಿತ್ತು. ಬಾಳೆಹಣ್ಣನ್ನೂ ತರುತ್ತಿತ್ತು. “ಕಾವಲು ಅಂದರೆ ಸಾಮಾನ್ಯವೇ? ನೀವು ಕೂತಲ್ಲೇ ಕೂತಿರಿ ಅಣ್ಣ, ನಾನು ತರ್ತೀನಿ” ಎನ್ನುತ್ತಿತ್ತು. ಕರಿಯಣ್ಣ ಸೊಪ್ಪಿಗೆಂದು ಮರದಿಂದ ಮರಕ್ಕೆ ಹಾರುವುದನ್ನು ಬಿಟ್ಟ. ಕೂತ, ತಿಂದ, ಮಲಗಿದ.

ನರಿಗೆ ಇದರಲ್ಲಿ ಲಾಭವಿತ್ತು. ಚಿರತೆ ತಿಂದು ಬಿಟ್ಟ ಎಲುಬು ನರಿಯದು. ಕರಿಯಣ್ಣ ತುದಿಯಲ್ಲಿರುವ ತನಕ ಚಿರತೆಗೆ ಬೇಟೆಯಿಲ್ಲ, ನರಿಗೆ ಎಲುಬಿಲ್ಲ.

ಕರಿಯಣ್ಣ ನರಿಯನ್ನೇ ಕೇಳಿದ.

“ತಮ್ಮಾ, ಮಳೆಗೆ ಮುಂಚೆ ನನ್ನ ತೂಕ ಇಳಿಯಬೇಕಲ್ಲ. ಏನು ಮಾಡಲಿ?”

ನರಿ ಗಂಭೀರವಾಯಿತು. “ಅದಕ್ಕೇನು, ನನ್ನ ಹತ್ತಿರ ಒಂದು ಬೇರಿದೆ. ಊಟ ಪೂರ್ತಿ ಬಿಡಿ. ಬೇರು ನೆಕ್ಕಿ. ಹುಣ್ಣಿಮೆಯೊಳಗೆ ಅಳಿಲಿನ ಹಾಗೆ ಆಗ್ತೀರಿ.”

ಅದು ಹುಲ್ಲಿನ ಬೇರು. ಕರಿಯಣ್ಣ ನೆಕ್ಕಿದ. ಉಪವಾಸ ಬಿದ್ದ. ಕಣ್ಣಿಗೆ ಕತ್ತಲೆ ಬಂತು. ಒಂದು ಮರ ಎರಡಾಗಿ ಕಂಡಿತು. ಕೊನೆಗೆ ಒಂದು ಸಂಜೆ ಹಸಿವು ತಡೆಯಲಾಗಲಿಲ್ಲ. ನರಿ ಬುಡದಲ್ಲಿ ಇಟ್ಟು ಹೋಗಿದ್ದ ಬೆಲ್ಲವನ್ನೆಲ್ಲ ತಿಂದ. ಅಂಟಿದ್ದ ಎಲೆಯನ್ನೂ ನೆಕ್ಕಿದ. ಇಳಿದ ತೂಕ ಮರಳಿ ಬಂತು. ಜೊತೆಗೆ ಇನ್ನಷ್ಟು ಬಂತು.

ಅವನು ನಾಚಿಕೆಯಿಂದ ಮರದ ಹಿಂದೆ ಕೂತ. ಅಲ್ಲಿಗೆ ನಿಂಗಜ್ಜಿ ಬಂದಳು. ಮುಸುವಗಳ ಹಿಂಡಿನಲ್ಲಿ ಎಲ್ಲರಿಗಿಂತ ಹಿರಿಯಳು. ಹಲ್ಲಿಲ್ಲ, ಮುಲಾಜೂ ಇಲ್ಲ.

“ಬಯ್ದುಬಿಡು ಅಜ್ಜಿ” ಎಂದ ಕರಿಯಣ್ಣ.

“ಬಯ್ದರೆ ಹೊಟ್ಟೆ ಕರಗುತ್ತೇನೋ? ಏನು ತಿಂತೀಯ, ಹೇಳು.”

“ಬೆಲ್ಲ, ಬಾಳೆಹಣ್ಣು.”

“ಎಷ್ಟು ಹತ್ತಿ ಇಳೀತೀಯ?”

“ಹತ್ತಲ್ಲ.”

“ಮತ್ತೆ ಆ ಬೆಲ್ಲ ಎಲ್ಲಿಗೆ ಹೋಗಬೇಕು? ಹೊಟ್ಟೆಯಲ್ಲೇ ಕೂತಿದೆ.”

“ನಮ್ಮಪ್ಪನೂ ದಪ್ಪಗಿದ್ದನಂತೆ, ಅಜ್ಜಿ.”

“ಇದ್ದ. ಮೈಕಟ್ಟು ಅವನದೇ. ಅದು ನಿನ್ನ ತಪ್ಪಲ್ಲ. ಆದರೆ ಅವನು ದಿನವೆಲ್ಲ ಮರದ ಮೇಲೆ ಓಡಾಡ್ತಿದ್ದ. ಅದಿರಲಿ, ಬೆಲ್ಲ ಯಾರು ತರೋದು?”

“ನರಿ. ಪ್ರೀತಿಯಿಂದ.”

“ನನಗೆ ಹಲ್ಲಿಲ್ಲ. ಬೆಲ್ಲ ಚೀಪೋಕೆ ನನಗಿಂತ ಬೇಕಾದವರು ಯಾರು? ಒಂದು ಚೂರೂ ತಂದಿಲ್ಲ. ಕಾವಲಿನವನಿಗೆ ಮಾತ್ರ ಯಾಕೆ ತರುತ್ತೆ?”

ಕರಿಯಣ್ಣ ತಲೆ ಕೆರೆದುಕೊಂಡ. ಮರಿಯ ಬಾಲ ನೆನಪಾಯಿತು. ಚಿರತೆಯ ಹಿಂದೆಯೇ ಸುಳಿಯುವ ನರಿಯೂ ನೆನಪಾಯಿತು. ಕೆರೆಯುವುದನ್ನು ನಿಲ್ಲಿಸಿದ.

“ಈಗೇನು ಮಾಡಲಿ, ಅಜ್ಜಿ?”

“ಉಪವಾಸ ಬೇಡ. ಹೊಟ್ಟೆ ತುಂಬ ಸೊಪ್ಪು ತಿನ್ನು. ಯಾರೂ ತಂದುಕೊಡಬಾರದು, ನೀನೇ ಹೋಗಿ ಕೀಳಬೇಕು. ರಾತ್ರಿ ನಿದ್ದೆ ಮಾಡು, ಹಗಲು ಮಾಡಬೇಡ. ಇವತ್ತು ಕೆಳಗಿನ ಕೊಂಬೆ ಹತ್ತು. ಅದು ಸಲೀಸಾದ ಮೇಲೆ ಅದರ ಮೇಲಿನದು. ಏದುಸಿರು ಬಂದರೆ ಕೂತು ಸುಧಾರಿಸಿಕೋ.”

“ಎಷ್ಟು ದಿನ?”

“ಈ ಹೊಟ್ಟೆ ಬರೋಕೆ ಎಷ್ಟು ದಿನ ಹಿಡೀತು, ಲೆಕ್ಕ ಇಟ್ಟಿದ್ದೀಯ? ಹೋಗೋಕೂ ಇಡಬೇಡ.”

ಕರಿಯಣ್ಣ ಶುರು ಮಾಡಿದ. ಮೊದಮೊದಲು ಮೊಣಕಾಲು ನೋಯಿತು. ಸೊಪ್ಪು ಸಪ್ಪೆ ಎನಿಸಿತು. ಆಮೇಲೆ ಚಿಗುರಿನ ರುಚಿ ಮರಳಿ ಬಂತು. ಒಂದು ದಿನ ಆಸೆ ತಡೆಯದೆ ಬೆಲ್ಲ ತಿಂದುಬಿಟ್ಟ. ಅಜ್ಜಿಯ ಮುಂದೆ ಹೋಗಿ ನಿಂತ.

“ತಿಂದೆಯಾ?”

“ತಿಂದೆ.”

“ಸರಿ. ನಾಳೆ ಸೊಪ್ಪು.”

ಅಷ್ಟೇ. ಮರುದಿನ ಸೊಪ್ಪು ತಿಂದ. ಪಡ್ಡೆಗಳು ಮತ್ತೆ ನಗಲು ಬಂದವು. ಅಜ್ಜಿ ಅವುಗಳ ಬಾಲ ಹಿಡಿದೆಳೆದಳು. “ನಗೋಕೆ ಬಾಯಿದ್ದರೆ ಜೊತೆಗೆ ಹತ್ತೋಕೆ ಕಾಲಿಲ್ಲವೇನ್ರೋ?” ಅವೂ ಹತ್ತಿದವು. ಜೊತೆ ಸಿಕ್ಕಿದ ಮೇಲೆ ಕರಿಯಣ್ಣನಿಗೆ ಹತ್ತುವುದು ಬೇಸರವಾಗಲಿಲ್ಲ.

ನರಿ ಬೆಲ್ಲ ತರುವುದನ್ನು ಬಿಡಲಿಲ್ಲ. ಕರಿಯಣ್ಣ ಮುಟ್ಟಲಿಲ್ಲ. ತಂದದ್ದನ್ನು ಹೊತ್ತು ಹಿಂದಿರುಗುವುದು ನರಿಗೆ ಬೇಸರ. ಅಲ್ಲೇ ಬುಡದಲ್ಲಿ ಕೂತು ತಾನೇ ತಿಂದಿತು. ಇನ್ನೇನು ಎಲುಬು ಬರುತ್ತದೆ ಎಂದು ಹೊಳೆದಂಡೆಯ ಏಡಿ ಬೇಟೆಗೂ ಹೋಗಲಿಲ್ಲ. ತಿಂದಿತು, ನೆರಳಲ್ಲಿ ಮಲಗಿತು. ಹೊಟ್ಟೆ ನೆಲಕ್ಕೆ ತಾಗಿತು. ಕತ್ತು ಎಷ್ಟು ದಪ್ಪವಾಯಿತೆಂದರೆ ತಲೆಯೆತ್ತಿ ಮರದ ತುದಿ ನೋಡಲಾಗಲಿಲ್ಲ. ಕೆಳಗಿನ ಕವಲಷ್ಟೇ ಕಾಣುತ್ತಿತ್ತು.

ಆಕಾಶದಲ್ಲಿ ಮೋಡ ಕಟ್ಟಿತು. ಚುಕ್ಕವ್ವ ಹಿಂಡನ್ನು ಕರೆದಳು. “ಇವತ್ತೊಂದು ದಿನ ಇಲ್ಲಿ ಮೇಯೋಣ. ನಾಳೆ ಹೊಳೆ ದಾಟೋಣ” ಎಂದಳು.

ನರಿ ಮರದ ಕಡೆ ನೋಡಿತು. ಕೆಳಗಿನ ಕವಲಿನಿಂದ ಒಂದು ಉದ್ದ ಬಾಲ ಇಳಿಬಿದ್ದಿತ್ತು. ನರಿಗೆ ಖುಷಿಯಾಯಿತು. ಚಿರತೆಯ ಬಳಿಗೆ ಏದುಸಿರು ಬಿಡುತ್ತಾ ಹೋಯಿತು.

“ಬುದ್ಧೀ, ಕಾವಲಿನವನು ಕೆಳಗಿನ ಕವಲಲ್ಲೇ ಬಿದ್ದಿದ್ದಾನೆ. ಬಾಲ ಕಣ್ಣಾರೆ ನೋಡಿದೆ. ಇವತ್ತು ತಪ್ಪಿದರೆ ಜಿಂಕೆಗಳು ಹೊಳೆಯಾಚೆ. ಬನ್ನಿ.”

ಚಿರತೆ ಹಸಿದಿತ್ತು. ಬಂದಿತು. ಹುಲ್ಲಿನಲ್ಲಿ ಹೊಟ್ಟೆ ಎಳೆಯುತ್ತಾ ಮುಂದೆ ಸರಿಯಿತು. ನರಿ ಹಿಂದೆಯೇ ಬಂತು.

ಕವಲಲ್ಲಿದ್ದ ಬಾಲ ನಿಂಗಜ್ಜಿಯದು. ಅವಳು ಅಲ್ಲಿ ತೂಕಡಿಸುತ್ತಿದ್ದಳು.

ಕರಿಯಣ್ಣ ಮೇಲಿದ್ದ. ತುತ್ತತುದಿಯಲ್ಲಲ್ಲ, ಅದರ ಒಂದು ಕೊಂಬೆ ಕೆಳಗೆ. ಅವನು ಅಳಿಲಿನಂತೆ ಆಗಿರಲಿಲ್ಲ. ಅವನ ಅಪ್ಪನಂತೆಯೇ ಅಗಲವಾಗಿದ್ದ. ಆ ಕೊಂಬೆ ಅವನನ್ನು ತಾಳಿತು. ಅಲ್ಲಿಂದ ಹುಲ್ಲೆಲ್ಲ ಕಾಣುತ್ತಿತ್ತು. ಗಾಳಿ ಒಂದು ಕಡೆಗೆ ಬೀಸುತ್ತಿತ್ತು, ಒಂದು ಸಾಲು ಹುಲ್ಲು ಇನ್ನೊಂದು ಕಡೆಗೆ ಬಾಗುತ್ತಿತ್ತು.

“ಖೆಕ್! ಖೆಕ್! ಖೆಕ್!”

ಜಿಂಕೆಗಳು ಬಾಣದಂತೆ ಹೋದವು. ಬಾಲವಿಲ್ಲದ ಮರಿ ಎಲ್ಲರಿಗಿಂತ ಮುಂದಿತ್ತು. ಚಿರತೆ ಹಾರಿತು. ಪಂಜಕ್ಕೆ ಹುಲ್ಲು ಸಿಕ್ಕಿತು.

ಚಿರತೆ ನಿಧಾನವಾಗಿ ಹಿಂದೆ ತಿರುಗಿತು.

“ಕವಲಲ್ಲಿದ್ದಾನೆ ಅಂದೆ.”

“ಬಾಲ ಕಂಡಿತ್ತು ಬುದ್ಧೀ... ಇನ್ನೊಂದು ದಿನ... ನಾಳೆ ಖಂಡಿತ...”

“ನನಗೆ ಹಸಿವಾಗಿರೋದು ಇವತ್ತು” ಎಂದಿತು ಚಿರತೆ. ನರಿಯನ್ನು ಮೇಲಿಂದ ಕೆಳಗೆ ನೋಡಿತು. “ನೀನು ದುಂಡಗಿದ್ದೀಯ.”

ನರಿ ಓಡಿತು. ಹಿಂದೆಲ್ಲ ಅದು ಚಿರತೆಗೆ ಸಿಗದಂತೆ ಸಂದಿಗೊಂದಿಗಳಲ್ಲಿ ನುಸುಳುತ್ತಿತ್ತು. ಈಗ ಪಕ್ಕದ ಹುತ್ತದವರೆಗೆ ಓಡಿತು. ಅಲ್ಲಿ ಉಸಿರು ಕಟ್ಟಿತು. ಕೂತಿತು.

ಚಿರತೆ ಅಲ್ಲೇ ಊಟ ಮಾಡಿತು.

ಸಂಜೆ ಮಳೆ ಬಂತು. ಜಿಂಕೆಗಳು ಹೊಳೆ ದಾಟಲಿಲ್ಲ.

ನೀತಿ: ಮೈ ಅಲುಗಿಸದೆ ಮಿತಿಮೀರಿ ತಿಂದರೆ ತೂಕ ಏರುತ್ತದೆ, ಉಪವಾಸದಿಂದಲೂ ಮಾಯದ ಬೇರಿನಿಂದಲೂ ಅದು ಇಳಿಯುವುದಿಲ್ಲ, ಹಿತವಾಗಿ ತಿಂದು ದಿನವೂ ದುಡಿದರೆ ನಿಧಾನವಾಗಿ ಇಳಿಯುತ್ತದೆ. ಇನ್ನೊಬ್ಬರನ್ನು ಕೆಡಿಸಲು ತಂದ ತಿನಿಸು ತಂದವರನ್ನೇ ಕೆಡಿಸುತ್ತದೆ.