ಗೊತ್ತಿಲ್ಲವೆಂದ ತಾಯಿಯವರು

ಪೂಜ್ಯ ನೀಲಮ್ಮ ತಾಯಿಯವರ ಆಶ್ರಮವೆಂದರೆ ಎರೆಹೊಲಗಳ ನಡುವೆ ಒಂದು ಸಣ್ಣ ಮಾಳಿಗೆಮನೆ. ಅಂದು ಬೆಳಿಗ್ಗೆ ತಾಯಿಯವರು ಪಡಸಾಲೆಯಲ್ಲಿ ಕುಳಿತು ದಾಸೋಹಕ್ಕೆಂದು ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದರು. ಎದುರಿಗೆ ಕುಳಿತವನು ಊರಿನ ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು ಬಸವಪ್ರಭು. ಭಕ್ತಿಯಿಂದ ಬಂದವನಲ್ಲ, ಜಗಳಕ್ಕೆ ಬಂದವನು.

"ಜನ ಗುಳಿಗಿ ಬಿಟ್ಟು ನಿಮ್ಮ ಭಸ್ಮಕ್ಕ ಓಡಿ ಬರ್ತಾರ್ರಿ. ನಾವು ಓದಿದ್ದೆಲ್ಲ ಸುಳ್ಳೇನ್ರಿ?" ಎಂದ. ತಾಯಿಯವರು ನಕ್ಕು ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದರು.

ಪಾಪ, ಹುಡುಗನಿಗೆ ಸೊಕ್ಕು ಸುಮ್ಮನೆ ಬಂದದ್ದಲ್ಲ. ಕಾಲೇಜು ಬಿಡುವ ದಿನ 'ನಿಮ್ಮ ವಿದ್ಯೆಯ ಮೇಲೆ ನಿಮಗೆಷ್ಟು ನಂಬಿಕೆಯಿದೆ?' ಎಂದು ಗುರುಗಳು ಕೇಳಿದಾಗ, ಎಲ್ಲರಿಗಿಂತ ಮೊದಲು ಎದ್ದು 'ಪೂರ್ತಿ ಇದೆ ಸರ್' ಎಂದವನು ಅವನೇ. ರೋಗ ಕಂಡುಹಿಡಿಯುವುದಿರಲಿ, ರೋಗಿಯ ಜತೆ ನಡೆದುಕೊಳ್ಳುವುದಿರಲಿ, ತನಗೆ ಬಾರದ್ದು ಯಾವುದೂ ಇಲ್ಲವೆಂದು ಮನಸಾರೆ ನಂಬಿದ್ದ. 'ಗೊತ್ತಿಲ್ಲ' ಎಂದರೆ ವೈದ್ಯನ ಮರ್ಯಾದೆ ಹೋಯಿತೆಂದೇ ತಿಳಿದಿದ್ದ.

ಅಷ್ಟರಲ್ಲಿ ಗಂಗವ್ವ ಅಳುತ್ತ ಓಡಿಬಂದಳು. ಹಿಂದೆಯೇ ನೆರೆಯವರು ಅವಳ ಗಂಡ ದ್ಯಾಮಣ್ಣನನ್ನು ಹೊರಸಿನ ಮೇಲೆ ಹೊತ್ತು ತಂದು ಅಂಗಳದಲ್ಲಿಳಿಸಿದರು.

"ನಿನ್ನೆಯಿಂದ ಹೊಟ್ಟಿನೋವು ಯವ್ವಾ. ಡಾಕ್ಟರು ಪಿತ್ತ ಅಂತ ಹೇಳಿ ಗುಳಿಗಿ ಕೊಟ್ರು. ಈಗ ಮೈಯೆಲ್ಲ ಸುಡಾಕತ್ತೈತಿ. ಏನಾಗೇತಿ ನೀವ ಹೇಳ್ರಿ, ಭಸ್ಮ ಕೊಡ್ರಿ!"

ಬಸವಪ್ರಭು ದಿಗ್ಗನೆದ್ದು ನಿಂತ. ನಿನ್ನೆ ಹೊಟ್ಟೆಯ ಬಲಗಡೆ ಒತ್ತಿದಾಗ ದ್ಯಾಮಣ್ಣ ಚೀರಿದ್ದ. ಅಪೆಂಡಿಕ್ಸ್ ಇರಬಹುದೇ ಎಂಬ ಅನುಮಾನ ಬಂದಿತ್ತು. ಜಿಲ್ಲಾ ಆಸ್ಪತ್ರೆಯ ಹಿರಿಯ ಸರ್ಜನರಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಬಂದ ಹೊಸದರಲ್ಲೇ ಕೇಳಿದರೆ ಏನೆಂದುಕೊಂಡಾರೋ ಎಂದು, ಅನುಮಾನವನ್ನು ನುಂಗಿಕೊಂಡು 'ಪಿತ್ತ' ಎಂದುಬಿಟ್ಟಿದ್ದ.

ತಾಯಿಯವರು ಅಂಗಳಕ್ಕಿಳಿದು ದ್ಯಾಮಣ್ಣನ ಹಣೆ ಮುಟ್ಟಿ ನೋಡಿದರು. ದಾಸೋಹಕ್ಕೆ ಬಂದಿದ್ದ ಭಕ್ತರು ಸುತ್ತ ನೆರೆದರು. ಎಲ್ಲ ಬಲ್ಲವರೆಂದು ಸುತ್ತಲ ಊರುಗಳೆಲ್ಲ ಕೈಮುಗಿಯುವ ತಾಯಿ ಏನು ಅಪ್ಪಣೆ ಕೊಡಿಸುವರೋ!

"ನನಗ ಗೊತ್ತಿಲ್ಲವ್ವಾ," ಎಂದರು ತಾಯಿಯವರು. ದನಿಯಲ್ಲಿ ಅಳುಕಿರಲಿಲ್ಲ, ಸಂಕೋಚವೂ ಇರಲಿಲ್ಲ. "ಜಡ್ಡು ಏನಂತ ಗೊತ್ತಿಲ್ದನ ಭಸ್ಮ ಕೊಟ್ಟು ಕಳಿಸಿದ್ರ ಜೀವಕ್ಕ ಎರವಾದೀತು."

ಆಮೇಲೆ ಬಸವಪ್ರಭುವಿನತ್ತ ತಿರುಗಿ ಕೇಳಿದರು: "ನಿಮಗ ಗೊತ್ತೈತೇನಪ್ಪಾ?"

ಅಯ್ಯೋ, ಆ ಒಂದು ಪ್ರಶ್ನೆ! ಸಿಟ್ಟಿನಿಂದ ಕೇಳಿದ್ದಲ್ಲ, ಹಂಗಿಸಿ ಕೇಳಿದ್ದೂ ಅಲ್ಲ. ಹೆತ್ತವಳು ಕೇಳಿದಂತೆ ಕೇಳಿದ್ದರು. ಹೌದೆಂದರೆ ತನ್ನ ಮಾನ ಉಳಿಯುತ್ತದೆ, ದ್ಯಾಮಣ್ಣ ಉಳಿಯುವುದಿಲ್ಲ.

"ನನಗೂ ಗೊತ್ತಿಲ್ರಿ ಯವ್ವಾ," ಎಂದ. "ನಿನ್ನೆ ಸೈತ ಗೊತ್ತಿರಲಿಲ್ಲ. ಗೊತ್ತೈತಿ ಅಂತ ಹೇಳಿಬಿಟ್ಟೆ."

ಹೇಳಿದವನೇ ಹೊರಸಿನ ಬಳಿ ಕುಳಿತು, ಈ ಸಲ ಸಾವಧಾನವಾಗಿ ಹೊಟ್ಟೆ ಮುಟ್ಟಿ ನೋಡಿದ. ಎಲ್ಲರೆದುರೇ ಸರ್ಜನರಿಗೆ ಫೋನು ಹಚ್ಚಿ, "ಸರ್, ನನ್ನಿಂದ ತಪ್ಪಾಗೇತಿ, ಏನ್ ಮಾಡ್ಲಿ ಹೇಳ್ರಿ" ಎಂದ. ತಕ್ಷಣ ಕರೆತರಲು ಅವರು ಹೇಳಿದರು. ಆಸ್ಪತ್ರೆಯ ಜೀಪಿನಲ್ಲಿ ರೋಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಹೋದ. ಇನ್ನೇನು ಒಡೆಯಬೇಕೆಂದಿದ್ದ ಅಪೆಂಡಿಕ್ಸನ್ನು ಸರ್ಜನರು ತೆಗೆದರು. ತಾಯಿಯವರ ಕೃಪೆ, ದ್ಯಾಮಣ್ಣ ಬದುಕಿಕೊಂಡ.

ಅವನು ಕಣ್ಣು ಬಿಟ್ಟ ಮೇಲೆ ಬಸವಪ್ರಭು ಗಂಗವ್ವನೆದುರು ಕೈಮುಗಿದು ನಿಂತ. ಬೈಗುಳಕ್ಕೆ ಸಿದ್ಧನಾಗಿಯೇ ನಿಂತಿದ್ದ.

"ಸಿಟ್ಟು ಐತ್ರಿ ನನಗ, ಇಲ್ಲಂತ ಹೇಳೂದಿಲ್ಲ," ಎಂದಳು ಗಂಗವ್ವ. "ಆದ್ರ ನಾಳೆ ನನ್ನ ಮಗಳಿಗೆ ಜಡ್ಡಾದ್ರ ನಿಮ್ಮ ಹತ್ರಾನ ಕರಕೊಂಡ ಬರ್ತೇನಿ. ಗೊತ್ತಾಗದಿದ್ರ ನೀವು ಗೊತ್ತಿಲ್ಲ ಅಂತೀರಿ."

ಪದವಿ ಪಡೆದ ದಿನ ಗುರುಗಳೆದುರೂ ತಲೆತಗ್ಗಿಸದಿದ್ದ ಆ ಹುಡುಗ, ವಾರ್ಡಿನ ಗೋಡೆಗೆ ಮುಖ ತಿರುಗಿಸಿ ಅತ್ತುಬಿಟ್ಟ.