ಯಾಟ್ ಕೊಂಡ ಅನುಮಾನದ ಧಣಿ

ಕಡಲ ತಡಿಯ ಒಂದು ಊರಿನಲ್ಲಿ ದಾಮೋದರ ರೇವಣಕರ ಎಂಬ ಹೋಟೆಲ್ ಮಾಲೀಕನಿದ್ದ. ಅವನು ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ನಕ್ಕರೆ, 'ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ' ಎಂದುಕೊಳ್ಳುವನು. ನಗದಿದ್ದರೆ, 'ನಿನ್ನೆ ಬೆರೆಸಿದ್ದು ಚುಚ್ಚುತ್ತಿದೆ' ಎಂದುಕೊಳ್ಳುವನು.

ಊರಿಗೆ ಹೊಸ ರಸ್ತೆ ಬಂತು. ಅದರ ಬೆನ್ನಿಗೇ ಪ್ರವಾಸಿಗರು ಬಂದರು. ಅವರನ್ನು ಕಡಲಲ್ಲಿ ಸುತ್ತಾಡಿಸಲು ಒಂದು ಯಾಟ್ ಬೇಕೆಂದು ದಾಮೋದರನಿಗೆ ಆಸೆಯಾಯಿತು. ಯಾಟ್ ಎಂದರೆ ಮೀನು ಹಿಡಿಯುವ ದೋಣಿಯಲ್ಲ. ಮೆತ್ತನೆಯ ಆಸನಗಳಿರುವ, ಉಳ್ಳವರು ವಿಹಾರಕ್ಕೆ ಹೋಗುವ ದೋಣಿ. ಹೊಸದು ಕೈಗೆಟುಕುವಂತಿರಲಿಲ್ಲ. ಹಳೆಯದನ್ನೇ ಹುಡುಕಿದ.

ಬಂದರಿನ ಆಚೆ ಫಿಲೋಮಿನಾ ಬಾಯಿ ತೀರಿಕೊಂಡ ಗಂಡನ ಯಾಟನ್ನು ಮಾರಲು ಇಟ್ಟಿದ್ದರು. ದಾಮೋದರ ಹೋದಾಗ ಅವರು ಮೊದಲೇ ಹೇಳಿಬಿಟ್ಟರು:

"ಇದರ ತಳ ಒಮ್ಮೆ ಬಂಡೆಗೆ ತಾಗಿತ್ತು. ರಿಪೇರಿ ಮಾಡಿಸಿದ್ದೇವೆ. ದಡಕ್ಕೆ ಎಳೆಸಿ ನೋಡಿ. ನಿಮಗೆ ಬೇಕಾದ ದೋಣಿ ಮೇಸ್ತ್ರಿಯನ್ನೇ ಕರೆತನ್ನಿ."

ದಾಮೋದರ ಹುಬ್ಬು ಗಂಟಿಕ್ಕಿದ. 'ತನ್ನ ಮಾಲಿನ ಹುಳುಕನ್ನು ತಾನೇ ಹೇಳುವವರುಂಟೇ? ಒಂದು ಹೇಳಿ ಹತ್ತು ಮುಚ್ಚಿಡುತ್ತಿದ್ದಾಳೆ.' ಯಾಟನ್ನು ಮುಟ್ಟಿಯೂ ನೋಡದೆ ಹಿಂದಿರುಗಿದ.

ಮರುವಾರ ವಿಲಾಸ ಎಂಬ ದಲ್ಲಾಳಿ ಹೋಟೆಲಿಗೆ ಬಂದ. ಚಹದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ದನಿ ತಗ್ಗಿಸಿದ.

"ಧಣಿ, ಈ ಊರಲ್ಲಿ ಒಬ್ಬನನ್ನೂ ನಂಬುವ ಹಾಗಿಲ್ಲ."

"ನಾನೂ ಅದನ್ನೇ ಹೇಳುವುದು!" ಎಂದ ದಾಮೋದರ, ಕುರ್ಚಿ ಹತ್ತಿರ ಎಳೆದುಕೊಂಡು.

"ನನ್ನ ಹತ್ತಿರ ಒಂದು ಯಾಟ್ ಇದೆ. ಮೇಸ್ತ್ರಿಗಳಿಗೆ ಮಾತ್ರ ತೋರಿಸಬೇಡಿ. ಒಳ್ಳೆಯದನ್ನು ಹಾಳು ಅಂತಾರೆ. ನೀವು ಕೈಬಿಟ್ಟ ಮೇಲೆ ತಮ್ಮವರಿಗೆ ಕೊಡಿಸುತ್ತಾರೆ."

ದಾಮೋದರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ವರ್ಷಕ್ಕೆ ತನ್ನಂತೆ ಯೋಚಿಸುವ ಒಬ್ಬ ಸಿಕ್ಕಿದ್ದ! ಯಾಟ್ ಹೊಸ ಬಣ್ಣದಲ್ಲಿ ಥಳಥಳಿಸುತ್ತಿತ್ತು. ಕೊಂಡೇಬಿಟ್ಟ.

"ಜನರನ್ನು ಹತ್ತಿಸುವ ಮೊದಲು ಒಮ್ಮೆ ತಳ ನೋಡಿಸಿ" ಎಂದಳು ಹೆಂಡತಿ ಸುಲಭಾ.

"ಯಾವ ಮೇಸ್ತ್ರಿ ನಿನ್ನ ಕಿವಿ ಊದಿದ?" ಎಂದು ಅವಳನ್ನೇ ದುರುಗುಟ್ಟಿ ನೋಡಿದ.

ಮೊದಲ ಸವಾರಿಗೆ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆಗಳು ಬಡಿದವು. ಸ್ವಲ್ಪ ಹೊತ್ತಿಗೆ ಮಗಳು ಕೂಗಿದಳು: "ಅಪ್ಪಾ, ಕಾಲೆಲ್ಲ ಒದ್ದೆ!" ಬಣ್ಣದ ಕೆಳಗೆ ತಳದ ಬಿರುಕಿಗೆ ಮೆತ್ತಿದ್ದ ಅಂಟು ಕಿತ್ತುಬಂದಿತ್ತು. ನೀರು ಬುಗ್ಗೆಯಂತೆ ಒಳನುಗ್ಗಿ ಯಾಟ್ ಒಂದು ಬದಿಗೆ ವಾಲಿತು.

ಬಲೆ ಬೀಸುತ್ತಿದ್ದವರು ದೋಣಿ ತಿರುಗಿಸಿಕೊಂಡು ಧಾವಿಸಿದರು. ಒಬ್ಬ ಕೈ ಚಾಚಿದ. ಅವನಾರು, ಎಂಥವನು ಎಂದು ದಾಮೋದರ ಕೇಳಲಿಲ್ಲ. ಮಗಳನ್ನು ಎತ್ತಿ ಆ ಕೈಗೆ ಕೊಟ್ಟುಬಿಟ್ಟ.

ಎಲ್ಲರೂ ದಡ ಸೇರಿದರು. ಯಾಟ್ ಸೇರಲಿಲ್ಲ. ವಿಲಾಸನ ಫೋನು ಮತ್ತೆಂದೂ ರಿಂಗಾಗಲಿಲ್ಲ.

ಮರಳಿನ ಮೇಲೆ ಮಗಳ ತಲೆ ಒರೆಸುತ್ತ ಸುಲಭಾ ಕೇಳಿದಳು: "ಹೆತ್ತ ತಾಯಿಯನ್ನೂ ನಂಬದವರು ನೀವು. ಅವನನ್ನು ಹೇಗೆ ನಂಬಿದಿರಿ?"

ದಾಮೋದರ ತಲೆ ತಗ್ಗಿಸಿ ಹೇಳಿದ: "ಅವನೂ ಯಾರನ್ನೂ ನಂಬುತ್ತಿರಲಿಲ್ಲ."

ನೀತಿ: ಅನುಮಾನ ಬಂದರೆ ಪರೀಕ್ಷಿಸಿ ನೋಡಬೇಕು. ನೋಡದೆ ಎಲ್ಲರನ್ನೂ ಅನುಮಾನಿಸುವವನು, ಆ ಅನುಮಾನಕ್ಕೆ ತಲೆದೂಗುವ ಮೋಸಗಾರನ ಕೈಗೇ ಸಿಕ್ಕಿಬೀಳುತ್ತಾನೆ.